ಅರಿಯದೆ ನಡೆದುದಕ್ಕೆ ಯಾರು ಹೊಣೆ?

ಫ್ರಾನ್ಸ್ ದೇಶದ ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸರಾಬ್ಲ್’ ಐದು ಭಾಗಗಳ ಬೃಹತ್ ಕಾದಂಬರಿ. ಅದರ ಮೊದಲನೆಯ ಭಾಗವನ್ನು ಮುಗಿಸಿ, ಎರಡನೆಯ ಭಾಗದ ಕೆಲವು ಅಧ್ಯಾಯಗಳವರೆಗೆ ಇಂಗ್ಲಿಷ್ ಅನುವಾದದಲ್ಲಿ ಓದಿದ್ದೇನೆ. ಬಹುಭಾಗ ಇನ್ನೂ ಮುಂದಿದೆ. ಪೂರ್ತಿ ಓದದ ಗ್ರಂಥದ ಬಗ್ಗೆ ತೀರ್ಪು ನೀಡುವುದು ವಿಮರ್ಶಕರಿಗೆ ಸಲ್ಲದು. ಆದರೆ ಈ ಲೇಖನ ವಿಮರ್ಶೆಯಲ್ಲ. ವಾಣಿಜ್ಯಶಾಸ್ತ್ರವನ್ನು ಓದಿ, ವ್ಯಾಪಾರದಲ್ಲಿಯೇ ಆಯುಷ್ಯದ ಹೆಚ್ಚಿನ ಪಾಲನ್ನು ಕಳೆದ ಓದುಗನೊಬ್ಬನನ್ನು ಈ ಗ್ರಂಥದ ಒಂದು ಪ್ರಸಂಗ ತಡೆದು ನಿಲ್ಲಿಸಿತು. ಸಜ್ಜನನಾದ ಯಜಮಾನನ ಹೆಸರಿನಲ್ಲಿ, ಅವನಿಗೆ ತಿಳಿಯದಂತೆ, ಅನ್ಯಾಯವೊಂದು ನಡೆದುಹೋದರೆ ಅದಕ್ಕೆ ಅವನು ಹೊಣೆಯೇ ಅಲ್ಲವೇ ಎಂಬುದು ಆ ಪ್ರಸಂಗ ಎತ್ತುವ ಪ್ರಶ್ನೆ. ಉದ್ಯಮಗಳನ್ನೂ ಧರ್ಮಸಂಸ್ಥೆಗಳನ್ನೂ ನಡೆಸುವವರೆಲ್ಲರಿಗೂ ಸಂಬಂಧಿಸಿದ ಪ್ರಶ್ನೆ ಇದಾದುದರಿಂದ ವಾಚಕರ ಮುಂದಿಡುತ್ತಿದ್ದೇನೆ.

ಕಥೆಯ ಆರಂಭ ಅನೇಕರಿಗೆ ಪರಿಚಿತ. ಬಿಷಪ್ಪರ ಬೆಳ್ಳಿಯ ದೀಪಸ್ತಂಭಗಳ ಪ್ರಸಂಗವನ್ನು ನಮ್ಮಲ್ಲಿ ಎಷ್ಟೋ ಮಂದಿ ಶಾಲೆಯ ಇಂಗ್ಲಿಷ್ ಪಾಠದಲ್ಲಿ ನಾಟಕರೂಪದಲ್ಲಿ ಓದಿದ್ದಾರೆ. ವಿಧವೆಯಾದ ಅಕ್ಕನ ಏಳು ಮಕ್ಕಳ ಹಸಿವಿಗಾಗಿ 1795ರಲ್ಲಿ ಒಂದು ರೊಟ್ಟಿಯನ್ನು ಕದ್ದ ಜಾನ್ ವಾಲ್ಜಾನ್ ಎಂಬ ಬಡ ಕೂಲಿಗೆ ಐದು ವರ್ಷಗಳ ಕಠಿಣ ಶಿಕ್ಷೆಯಾಗುತ್ತದೆ. ತಪ್ಪಿಸಿಕೊಳ್ಳಲು ಮಾಡಿದ ಪ್ರಯತ್ನಗಳಿಂದ ಅದು ಹತ್ತೊಂಬತ್ತು ವರ್ಷಗಳಿಗೆ ಬೆಳೆಯುತ್ತದೆ. 1815ರಲ್ಲಿ ಬಿಡುಗಡೆಯಾದ ಅವನಿಗೆ ಯಾವ ಛತ್ರದಲ್ಲಿಯೂ ಜಾಗ ಸಿಗದಿದ್ದಾಗ ಬಿಷಪ್ ಮಿರಿಯೆಲ್ ತಮ್ಮ ಮನೆಯಲ್ಲಿ ಉಣಬಡಿಸಿ ಮಲಗಲು ಹಾಸಿಗೆ ಕೊಡುತ್ತಾರೆ. ಅವನು ಅದೇ ರಾತ್ರಿ ಅವರ ಬೆಳ್ಳಿಯ ಪಾತ್ರೆಗಳನ್ನು ಕದ್ದು ಓಡುತ್ತಾನೆ. ಪೊಲೀಸರು ಹಿಡಿದು ತಂದಾಗ, ಅದನ್ನು ತಾವೇ ಕೊಟ್ಟದ್ದೆಂದು ಹೇಳಿ ದೀಪಸ್ತಂಭಗಳನ್ನೂ ಅವನ ಕೈಗಿತ್ತು ಕಳುಹಿಸುತ್ತಾರೆ.

ನಾಟಕದಲ್ಲಿ ಓದಿದವರಿಗೆ ತಿಳಿಯದ ಒಂದು ಸಂಗತಿ ಮೂಲಗ್ರಂಥದಲ್ಲಿದೆ. ಹ್ಯೂಗೋ ಬಿಷಪ್ಪರ ಕರುಣೆಯನ್ನು ಬರಿಯ ಮಾತಿನಲ್ಲಿ ಹೊಗಳದೆ ಅವರ ವಾರ್ಷಿಕ ಜಮಾಖರ್ಚಿನ ಪಟ್ಟಿಯನ್ನೇ ಓದುಗರ ಮುಂದಿಡುತ್ತಾನೆ. ಸರ್ಕಾರದಿಂದ ಬರುತ್ತಿದ್ದ ವೇತನ 15,000 ಫ್ರಾಂಕ್. ಅದರಲ್ಲಿ ಸೆರೆಮನೆಯವರಿಗೆ, ಬಡವರಿಗೆ, ಬಡ ಹುಡುಗಿಯರ ವಿದ್ಯಾಭ್ಯಾಸಕ್ಕೆ ಎಂದು 14,000 ಫ್ರಾಂಕ್ ಹಂಚಿಹೋಗಿ ತಮಗೆ ಉಳಿಸಿಕೊಂಡದ್ದು ಒಂದು ಸಾವಿರ. ಸಹೋದರಿಯ 500 ಫ್ರಾಂಕ್ ವರ್ಷಾಶನವನ್ನು ಸೇರಿಸಿ ಮನೆಯ ಮೂವರು ಬದುಕುತ್ತಿದ್ದರು. ವಿಶಾಲವಾದ ಬಿಷಪ್ಪರ ಅರಮನೆಯನ್ನು ಇಪ್ಪತ್ತಾರು ಹಾಸಿಗೆಗಳ ಇಕ್ಕಟ್ಟಾದ ಆಸ್ಪತ್ರೆಗೆ ಬಿಟ್ಟುಕೊಟ್ಟು, ಆಸ್ಪತ್ರೆಯ ಚಿಕ್ಕ ಕಟ್ಟಡಕ್ಕೆ ತಾವು ವಾಸಕ್ಕೆ ಹೋದರು. ಕೊಡುವವರ ಮನಸ್ಸನ್ನು ಅಳೆಯಲು ಅವರ ಲೆಕ್ಕದ ಪುಸ್ತಕಕ್ಕಿಂತ ನಂಬಲರ್ಹವಾದ ಸಾಕ್ಷಿ ಇಲ್ಲವೆಂಬುದನ್ನು ಲೇಖಕ ಚೆನ್ನಾಗಿ ಬಲ್ಲ.

ಬಿಷಪ್ಪರ ಕೃಪೆಯಿಂದ ಬದಲಾದ ವಾಲ್ಜಾನ್ ಮಾದ್ಲೆನ್ ಎಂಬ ಹೆಸರಿನಲ್ಲಿ ಉತ್ತರ ಫ್ರಾನ್ಸಿನ ಮೊಂತ್ರೆಯ್ ಪಟ್ಟಣವನ್ನು ಸೇರುತ್ತಾನೆ. ಅಲ್ಲಿ ಕಪ್ಪು ಮಣಿಯ ಒಡವೆಗಳನ್ನು ತಯಾರಿಸುವ ಹಳೆಯ ಕಸುಬೊಂದಿತ್ತು. ಕಚ್ಚಾಪದಾರ್ಥದ ದುಬಾರಿಯಿಂದ ಅದು ಏಳಿಗೆ ಕಾಣದೆ ಇತ್ತು. ಮಾದ್ಲೆನ್ ರಾಳದ ಬದಲು ಅರಗನ್ನು ಬಳಸುತ್ತಾನೆ. ಬಳೆಗಳಿಗೆ ಬೆಸುಗೆಯ ಕೊಂಡಿಯನ್ನು ಬಿಟ್ಟು, ಬಾಗಿಸಿ ಕೂಡಿಸಿದ ಕೊಂಡಿಯನ್ನು ತರುತ್ತಾನೆ. ಇಷ್ಟೇ ಬದಲಾವಣೆಯಿಂದ ತಯಾರಿಕೆಯ ವೆಚ್ಚ ಇಳಿಯಿತು, ಕೂಲಿ ಏರಿತು, ಕೊಳ್ಳುವವನಿಗೆ ಸರಕು ಅಗ್ಗವಾಯಿತು, ತಯಾರಕನಿಗೂ ಲಾಭ ಹೆಚ್ಚಿತು. ಮೂರು ವರ್ಷ ತುಂಬುವ ಮೊದಲೇ ಅವನು ಶ್ರೀಮಂತನಾದ. ಆಸ್ಪತ್ರೆಗೆ ಹತ್ತು ಹಾಸಿಗೆಗಳು, ಎರಡು ಶಾಲೆಗಳು, ಉಚಿತ ಔಷಧಾಲಯ, ಇವೆಲ್ಲ ಅವನ ಹಣದಿಂದ ಬಂದವು. 1820ರ ವೇಳೆಗೆ ಲಾಫಿತ್ ಬ್ಯಾಂಕಿನಲ್ಲಿ ಅವನ ಹೆಸರಿನಲ್ಲಿದ್ದ ಠೇವಣಿ 6,30,000 ಫ್ರಾಂಕ್. ಅದಕ್ಕೆ ಮುನ್ನ ಊರಿಗೂ ಬಡವರಿಗೂ ವೆಚ್ಚ ಮಾಡಿದ್ದು ಹತ್ತು ಲಕ್ಷಕ್ಕೂ ಮೀರಿತ್ತು. ಆ ವರ್ಷ ಅವನು ಊರಿನ ಮೇಯರ್ ಆದ. ಉದ್ಯಮಶೀಲತೆ ಮತ್ತು ದಾನಶೀಲತೆಗಳ ಇಂತಹ ಸಂಗಮವನ್ನು ಸಾಹಿತ್ಯದಲ್ಲಿ ಕಾಣುವುದು ಅಪರೂಪ. ಕಥೆಗಳಲ್ಲಿ ವರ್ತಕನೆಂದರೆ ಸಾಮಾನ್ಯವಾಗಿ ಲೋಭಿಯೇ!

ಇಂತಹ ಯಜಮಾನನ ಕಾರ್ಖಾನೆಯಿಂದಲೇ ಫಾಂಟೀನ್ ಎಂಬ ಹೆಣ್ಣುಮಗಳು ಹೊರದೂಡಲ್ಪಡುತ್ತಾಳೆ. ಪ್ಯಾರಿಸಿನಲ್ಲಿ ಒಬ್ಬನನ್ನು ನಂಬಿ ಮೋಸಹೋದ ಅವಳಿಗೆ ಕೊಸೆಟ್ ಎಂಬ ಪುಟ್ಟ ಮಗಳು. ಮದುವೆಯಿಲ್ಲದೆ ಹುಟ್ಟಿದ ಮಗುವನ್ನು ಕಟ್ಟಿಕೊಂಡು ಹೋದರೆ ಕೆಲಸ ಸಿಗದೆಂದು ಮೋಂಫರ್ಮೆಯ್ ಎಂಬ ಊರಿನಲ್ಲಿ ಛತ್ರ ನಡೆಸುವ ತೆನಾರ್ದಿಯೆ ದಂಪತಿಗಳಲ್ಲಿ ತಿಂಗಳಿಗೆ 7 ಫ್ರಾಂಕ್ ಕೊಡುವ ಕರಾರಿನ ಮೇಲೆ ಬಿಟ್ಟುಬರುತ್ತಾಳೆ. ಅವರು ಅದನ್ನು 12ಕ್ಕೂ ಆಮೇಲೆ 15ಕ್ಕೂ ಏರಿಸುತ್ತಾರೆ. ಮಾದ್ಲೆನನ ಕಾರ್ಖಾನೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅವಳು ಪ್ರಾಮಾಣಿಕವಾಗಿ ದುಡಿಯುತ್ತಾಳೆ. ಅಕ್ಷರ ಬಾರದ ಅವಳು ಮಗಳ ಕ್ಷೇಮ ವಿಚಾರಿಸುವ ಪತ್ರಗಳನ್ನು ಬೇರೆಯವರಿಂದ ಬರೆಸಬೇಕಾಗಿತ್ತು. ಅದರಿಂದ ಗುಟ್ಟು ಬಯಲಾಯಿತು. ಪರರ ಜೀವನವನ್ನು ಕೆದಕುವ ಮುದುಕಿಯೊಬ್ಬಳು ತನ್ನದೇ 35 ಫ್ರಾಂಕ್ ಖರ್ಚು ಮಾಡಿಕೊಂಡು ಆ ಊರಿಗೆ ಹೋಗಿ ಮಗುವನ್ನು ಕಣ್ಣಾರೆ ಕಂಡುಬಂದಳು!

ಇಲ್ಲಿಂದ ಮುಂದಿನದನ್ನು ಸಾವಧಾನವಾಗಿ ಗಮನಿಸಬೇಕು. ಮಾದ್ಲೆನ್ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕಾರ್ಯಾಗಾರಗಳನ್ನು ಏರ್ಪಡಿಸಿದ್ದ. ಕೆಲಸಕ್ಕೆ ಬರುವವರು ಶೀಲವಂತರಾಗಿರಬೇಕೆಂಬುದು ಅವನ ಒಂದೇ ನಿಯಮ, ಅದರಲ್ಲಿ ಸಡಿಲವಿರಲಿಲ್ಲ. ಹೆಂಗಸರ ವಿಭಾಗಕ್ಕೆ ಪಾದ್ರಿಯ ಶಿಫಾರಸಿನ ಮೇಲೆ ಅವಿವಾಹಿತೆಯಾದ ವೃದ್ಧೆಯೊಬ್ಬಳನ್ನು ಮೇಲ್ವಿಚಾರಕಿಯನ್ನಾಗಿ ನೇಮಿಸಿ, ಎಲ್ಲವನ್ನೂ ಅವಳ ವಿವೇಚನೆಗೆ ಬಿಟ್ಟಿದ್ದ. ತಾನು ಅಲ್ಲಿಗೆ ಕಾಲಿಡುತ್ತಿದ್ದುದೇ ಅಪರೂಪ. ಆಕೆ ದುಷ್ಟಳಲ್ಲ, ನ್ಯಾಯವಂತೆ, ಕೊಡುಗೈಯವಳು. ಆದರೆ ಕೊಡುವ ಕರುಣೆ ಆಕೆಯಲ್ಲಿದ್ದಷ್ಟು, ಪರರ ಸ್ಥಿತಿಯನ್ನು ಅರಿತು ಕ್ಷಮಿಸುವ ಕರುಣೆ ಇರಲಿಲ್ಲವೆಂದು ಹ್ಯೂಗೋ ಸೂಕ್ಷ್ಮವಾಗಿ ವಿಂಗಡಿಸುತ್ತಾನೆ. ಆಕೆ ಫಾಂಟೀನಳನ್ನು ಕರೆದು, ಮೇಯರರ ಪರವಾಗಿ ಎಂದು ಹೇಳಿ 50 ಫ್ರಾಂಕ್ ಕೈಗಿತ್ತು, ಊರನ್ನೇ ಬಿಟ್ಟುಹೋಗುವಂತೆ ಆಜ್ಞಾಪಿಸುತ್ತಾಳೆ. ಆ 50 ಫ್ರಾಂಕ್ ಬಂದದ್ದಾದರೂ ಎಲ್ಲಿಂದ? ಕೆಲಸಗಾರ ಹೆಂಗಸರ ಕಷ್ಟನಿವಾರಣೆಗಾಗಿ ಮಾದ್ಲೆನ್ ಆಕೆಯ ವಶದಲ್ಲಿಟ್ಟಿದ್ದ ದಾನದ ನಿಧಿಯಿಂದ. ಆ ನಿಧಿಗೆ ಆಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ.

ಲೆಕ್ಕ ಬರೆಯುವವರ ಕಣ್ಣಿಗೆ ಈ ಒಂದು ವಿವರ ಮುಳ್ಳಿನಂತೆ ಚುಚ್ಚುತ್ತದೆ. ಬಡ ಹೆಂಗಸರನ್ನು ಕಾಪಾಡಲೆಂದು ಇಟ್ಟ ಹಣವೇ ಬಡ ಹೆಂಗಸೊಬ್ಬಳನ್ನು ಬೀದಿಗೆ ತಳ್ಳುವುದಕ್ಕೆ ವಿನಿಯೋಗವಾಯಿತು. ಖರ್ಚಿನ ಪುಸ್ತಕವೇನಾದರೂ ಇದ್ದಿದ್ದರೆ ಅದರಲ್ಲಿ ‘ದಾನ, 50 ಫ್ರಾಂಕ್’ ಎಂದೇ ಬರೆಯಲ್ಪಡುತ್ತಿತ್ತು. ಯಾವ ತನಿಖೆಗಾರನೂ ತಪ್ಪು ಹಿಡಿಯುತ್ತಿರಲಿಲ್ಲ.

ಆ 50 ಫ್ರಾಂಕ್ ಮನೆಯ ಬಾಡಿಗೆಗೂ ಸಾಲದ ಪೀಠೋಪಕರಣದ ಬಾಕಿಗೂ ಹಂಚಿಹೋಯಿತು. ಸಾಲ ತೀರದೆ ಊರು ಬಿಡುವಂತಿಲ್ಲ; ಬೇರೆಡೆ ಕೆಲಸ ಕೊಡುವವರಿಲ್ಲ. ಸೈನಿಕರ ಅಂಗಿಗಳನ್ನು ಹೊಲಿದು ಅವಳು ದಿನಕ್ಕೆ 12 ಸೂ ಗಳಿಸುತ್ತಾಳೆ. ಮಗಳ ಖರ್ಚೇ 10 ಸೂ. ಮುಂದೆ ಹೊಲಿಗೆಯ ದರವೂ ಕುಸಿದು ಹದಿನೇಳು ಗಂಟೆಗಳ ದುಡಿಮೆಗೆ ಬರುವುದು 9 ಸೂ. ಮಗಳಿಗೆ ಬಟ್ಟೆಯಿಲ್ಲವೆಂದು ಪತ್ರ ಬಂದಾಗ ತಲೆಗೂದಲನ್ನು 10 ಫ್ರಾಂಕಿಗೆ ಮಾರುತ್ತಾಳೆ. ಕಾಯಿಲೆಯೆಂಬ ಸುಳ್ಳು ಪತ್ರ ಬಂದಾಗ ಮುಂದಿನ ಎರಡು ಹಲ್ಲುಗಳನ್ನು ಕೀಳಿಸಿಕೊಂಡು 40 ಫ್ರಾಂಕ್ ಪಡೆಯುತ್ತಾಳೆ. ಕೊನೆಗೆ ಮಾರುವುದಕ್ಕೆ ಉಳಿದದ್ದು ದೇಹವೊಂದೇ. ಹ್ಯೂಗೋ ಈ ಪತನವನ್ನು ಬಣ್ಣಿಸುವ ರೀತಿ ವಿಚಿತ್ರವಾದುದು. ಅಲ್ಲಿ ಕಣ್ಣೀರಿಗಿಂತ ಅಂಕಿಗಳು ಹೆಚ್ಚು. ಪ್ರತಿಯೊಂದು ಮೆಟ್ಟಿಲಿಗೂ ಒಂದು ಬೆಲೆ ಇದೆ, ಆ ಬೆಲೆಯನ್ನು ಅವನು ಮರೆಯದೆ ನಮೂದಿಸುತ್ತಾನೆ.

ಅವಳು ಮೇಯರನ ಬಳಿಗೆ ಹೋಗಿ ದೂರಿಕೊಳ್ಳಲಿಲ್ಲವೇಕೆ? ಹೋಗು ಎಂದು ಹೇಳಿದವರೂ ಇದ್ದರು. ಅವಳಿಗೆ ಧೈರ್ಯ ಬರಲಿಲ್ಲ. ಕೈಗೆ ಬಂದ ಹಣದಲ್ಲಿ ಮೇಯರನ ದಯೆಯನ್ನೂ ಕೈತಪ್ಪಿದ ಕೆಲಸದಲ್ಲಿ ಅವನ ನ್ಯಾಯವನ್ನೂ ಕಂಡು ಅವಳು ತಲೆಬಾಗಿಬಿಟ್ಟಳು. ನಾನು ಈವರೆಗೆ ಓದಿದ ಪುಟಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಸಂಗತಿಯೇ. ಕೆಟ್ಟ ಯಜಮಾನನೊಬ್ಬ ಅವಳನ್ನು ಓಡಿಸಿದ್ದರೆ ಅವಳು ಕೂಗಾಡುತ್ತಿದ್ದಳು, ನೆರೆಹೊರೆಯವರ ಮುಂದೆ ದೂರುತ್ತಿದ್ದಳು. ಇಲ್ಲಿ ಯಜಮಾನನ ಒಳ್ಳೆಯತನದ ಕೀರ್ತಿಯೇ ಅವಳ ಬಾಯನ್ನು ಮುಚ್ಚಿಸಿತು. ಊರೆಲ್ಲ ಪುಣ್ಯಾತ್ಮನೆಂದು ಕೊಂಡಾಡುವವನು ತನ್ನನ್ನು ಬೇಡವೆಂದನೆಂದರೆ ತಪ್ಪು ತನ್ನದೇ ಇರಬೇಕೆಂದು ದುರ್ಬಲರು ನಂಬುತ್ತಾರೆ. ಆ ನಂಬಿಕೆ ಕ್ರಮೇಣ ದ್ವೇಷವಾಗಿ ತಿರುಗುತ್ತದೆ. 1823ರ ಜನವರಿಯಲ್ಲಿ ಪೊಲೀಸ್ ಠಾಣೆಯಲ್ಲಿ ಮಾದ್ಲೆನ್ ಎದುರಾದಾಗ ಅವಳು ಅವನ ಮುಖಕ್ಕೆ ಉಗುಳುತ್ತಾಳೆ. ಅವನು ಮುಖ ಒರೆಸಿಕೊಂಡು, ಆರು ತಿಂಗಳ ಸೆರೆ ವಿಧಿಸಿದ್ದ ಜಾವೇರ್ ಎಂಬ ಅಧಿಕಾರಿಗೆ ಅವಳನ್ನು ಬಿಡುವಂತೆ ಆಜ್ಞೆ ಮಾಡುತ್ತಾನೆ. ಅವಳು ಕೆಲಸ ಬಿಟ್ಟದ್ದೇ ತನಗೆ ತಿಳಿದಿರಲಿಲ್ಲವೆಂದು ಹೇಳಿ, ಸಾಲ ತೀರಿಸುವುದಾಗಿಯೂ ಮಗಳನ್ನು ಕರೆಸುವುದಾಗಿಯೂ ಮಾತು ಕೊಡುತ್ತಾನೆ.

ಅವನ ಮಾತು ನಿಜ. ಅವನಿಗೆ ತಿಳಿದಿರಲಿಲ್ಲ. ಹಾಗಾದರೆ ಅವನು ನಿರ್ದೋಷಿಯೇ?

ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯ ಹೊಣೆ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ತಾನೇ ಮಾಡಿದ್ದು, ಮತ್ತೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು, ಈ ಮೂರರಲ್ಲಿ ಮಾದ್ಲೆನನ ಪ್ರಕರಣ ಯಾವುದಕ್ಕೆ ಸೇರುತ್ತದೆ? ಮೇಲ್ನೋಟಕ್ಕೆ ಯಾವುದಕ್ಕೂ ಸೇರದು. ಆದರೆ ಶೀಲದ ನಿಯಮವನ್ನು ರೂಪಿಸಿದವನು ಅವನೇ, ಅದನ್ನು ಪ್ರಯೋಗಿಸುವ ಅಧಿಕಾರವನ್ನು ಕೊಟ್ಟವನೂ ಅವನೇ. ಆ ಅಧಿಕಾರದ ಮೇಲೆ ಕಣ್ಣಿಡದೆ ಇದ್ದವನೂ ಅವನೇ. ಉದ್ದೇಶದಲ್ಲಿ ದೋಷವಿಲ್ಲದಿದ್ದರೂ ಎಚ್ಚರದಲ್ಲಿ ಲೋಪವಿದೆ. ಪ್ರಮಾದವೆಂಬ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇರೆ ಬೇಕಿಲ್ಲ.

ಇದಕ್ಕೊಂದು ಆಕ್ಷೇಪಣೆ ಇದೆ, ಅದು ಹಗುರವಾದುದಲ್ಲ. ದೊಡ್ಡ ಕಾರ್ಖಾನೆಯೊಂದರ ಯಜಮಾನ ಪ್ರತಿಯೊಬ್ಬ ಕೆಲಸಗಾರಳ ಕಥೆಯನ್ನು ಹೇಗೆ ತಿಳಿಯಬಲ್ಲ? ಬಿಷಪ್ಪರ ಬಾಗಿಲಿಗೆ ಬಂದವನು ಒಬ್ಬ. ಅವನನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿಸಬಹುದಾಗಿತ್ತು. ನೂರಾರು ಜನರಿಗೆ ಅನ್ನ ಕೊಡುವವನು ಗುಮಾಸ್ತರನ್ನೂ ಮೇಲ್ವಿಚಾರಕರನ್ನೂ ನಂಬದೆ ಒಂದು ದಿನವೂ ನಡೆಸಲಾರ. ಈ ಮಾತಿನಲ್ಲಿ ಸತ್ಯವಿದೆ. ಆದುದರಿಂದಲೇ ಎಲ್ಲವನ್ನೂ ಯಜಮಾನನೇ ನೋಡಬೇಕೆಂದು ಹೇಳುವುದು ವ್ಯವಹಾರವನ್ನು ಅರಿಯದವರ ಮಾತಾಗುತ್ತದೆ. ಅವನು ಮಾಡಬಹುದಾದದ್ದು ಬೇರೊಂದಿತ್ತು. ಕೆಲಸದಿಂದ ತೆಗೆಯುವ ಮೊದಲು ತನಗೆ ತಿಳಿಸಬೇಕೆಂಬ ಒಂದು ಕಟ್ಟಳೆ ಸಾಕಾಗಿತ್ತು. ದಾನದ ನಿಧಿಗೆ ತಿಂಗಳಿಗೊಮ್ಮೆ ಲೆಕ್ಕ ಕೇಳಿದ್ದರೆ, 50 ಫ್ರಾಂಕ್ ಯಾರಿಗೆ, ಏಕೆ ಎಂಬ ಒಂದು ಪ್ರಶ್ನೆ ಸಾಕಾಗಿತ್ತು. ನಂಬುವುದು ಬೇರೆ, ಲೆಕ್ಕ ಕೇಳದಿರುವುದು ಬೇರೆ. ಲೆಕ್ಕ ಕೇಳುವುದನ್ನು ಅಪನಂಬಿಕೆಯೆಂದು ತಿಳಿಯುವ ಸಜ್ಜನರಿದ್ದಾರೆ. ವಾಸ್ತವವಾಗಿ ಲೆಕ್ಕದ ಪುಸ್ತಕವೆಂಬುದು ದೂರದಲ್ಲಿರುವವನ ಸಂಕಟ ಯಜಮಾನನ ಮೇಜಿನವರೆಗೆ ನಡೆದುಬರುವ ದಾರಿ.

ಧರ್ಮದತ್ತಿಗಳನ್ನು ನಡೆಸುವವರಿಗೆ ಇದರಲ್ಲಿ ಒಂದು ನೇರವಾದ ಪಾಠವಿದೆ. ಎಷ್ಟು ವಿದ್ಯಾರ್ಥಿಗಳಿಗೆ ವೇತನ, ಎಷ್ಟು ರೋಗಿಗಳಿಗೆ ಔಷಧ, ಎಷ್ಟು ಜನರಿಗೆ ಅನ್ನ ಎಂಬುದನ್ನು ವಾರ್ಷಿಕ ವರದಿಗಳು ಅಚ್ಚುಕಟ್ಟಾಗಿ ನಮೂದಿಸುತ್ತವೆ. ಬಂದವರಲ್ಲಿ ಎಷ್ಟು ಮಂದಿಯನ್ನು ಇಲ್ಲವೆಂದು ಕಳುಹಿಸಲಾಯಿತು, ಯಾರು ಕಳುಹಿಸಿದರು, ಯಾವ ಕಾರಣಕ್ಕೆ ಎಂಬ ಅಂಕಣ ಸಾಮಾನ್ಯವಾಗಿ ಆ ವರದಿಗಳಲ್ಲಿ ಇರುವುದಿಲ್ಲ. ಫಾಂಟೀನಳ ಹೆಸರು ಬರೆಯಲ್ಪಡಬೇಕಾಗಿದ್ದುದು ಅಂತಹ ಅಂಕಣದಲ್ಲಿ.

ಮೊದಲನೆಯ ಭಾಗದ ಉತ್ತರಾರ್ಧದಲ್ಲಿ ಇನ್ನೊಂದು ಪರೀಕ್ಷೆ ಎದುರಾಗುತ್ತದೆ. ಸೇಬಿನ ಕಳ್ಳತನದ ಆರೋಪದ ಮೇಲೆ ಸಿಕ್ಕಿಬಿದ್ದ ಶಾಂಮಾತ್ಯೂ ಎಂಬ ಮಂದಬುದ್ಧಿಯ ಮುದುಕನನ್ನೇ ಜಾನ್ ವಾಲ್ಜಾನ್ ಎಂದು ತಪ್ಪಾಗಿ ಗುರುತಿಸಿ ಆರಾಸ್ ನಗರದಲ್ಲಿ ವಿಚಾರಣೆಗೆ ನಿಲ್ಲಿಸುತ್ತಾರೆ. ಮಾದ್ಲೆನ್ ಸುಮ್ಮನಿದ್ದರೆ ಮುದುಕನಿಗೆ ಆಜೀವ ಸೆರೆ, ತನಗೆ ಶಾಶ್ವತ ಸುರಕ್ಷೆ. ರಾತ್ರಿಯಿಡೀ ಅವನು ತನ್ನೊಡನೆಯೇ ವಾದಿಸುತ್ತಾನೆ. ತಾನು ಹೋದರೆ ಕಾರ್ಖಾನೆ ಮುಚ್ಚುತ್ತದೆ, ಊರು ಹಾಳಾಗುತ್ತದೆ, ಫಾಂಟೀನಳಿಗೂ ಮಗುವಿಗೂ ಗತಿಯಿಲ್ಲ. ಒಬ್ಬ ಮುದುಕನಿಗಾಗಿ ಇಷ್ಟೆಲ್ಲವನ್ನು ಬಲಿಕೊಡಬೇಕೇ ಎಂದು ಅವನ ಬುದ್ಧಿ ಲೆಕ್ಕ ಹಾಕುತ್ತದೆ. ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ! ಆದರೆ ಅದರಲ್ಲಿ ಒಂದು ಮೂಲಭೂತ ದೋಷವುಂಟು. ಆ ಮುದುಕನ ಸ್ವಾತಂತ್ರ್ಯ ಮಾದ್ಲೆನನ ಸ್ವತ್ತಲ್ಲ. ಪರರು ಇಟ್ಟ ಠೇವಣಿಯಿಂದ ದಾನ ಮಾಡುವವನನ್ನು ಯಾವ ಪೇಟೆಯೂ ದಾನಿಯೆಂದು ಕರೆಯುವುದಿಲ್ಲ. ಬೆಳಗಾದ ಮೇಲೆ ಅವನು ಆರಾಸಿಗೆ ಹೊರಟು, ತುಂಬಿದ ನ್ಯಾಯಾಲಯದಲ್ಲಿ ತಾನೇ ವಾಲ್ಜಾನ್ ಎಂದು ಪ್ರಕಟಿಸುತ್ತಾನೆ. ಈ ನಿರ್ಧಾರದ ಔಚಿತ್ಯದಲ್ಲಿ ನನಗೆ ಸಂದೇಹವಿಲ್ಲ.

ಆದರೆ ಅವನು ಹೆದರಿದ್ದಂತೆಯೇ ಆಯಿತು. ಮಗಳ ಮುಖವನ್ನು ಕಾಣದೆ ಫಾಂಟೀನ್ ತೀರಿಕೊಂಡಳು. ಎರಡನೆಯ ಭಾಗದಲ್ಲಿ ಹ್ಯೂಗೋ ಊರಿನ ಅವನತಿಯನ್ನು ಕೆಲವೇ ವಾಕ್ಯಗಳಲ್ಲಿ ದಾಖಲಿಸುತ್ತಾನೆ. ಕೆಲಸದ ಮೇಸ್ತ್ರಿಗಳು ತಾವೇ ತಯಾರಕರಾಗಿ ಪರಸ್ಪರ ಪೈಪೋಟಿಗಿಳಿದರು. ಸರಕಿನಲ್ಲಿ ಕಲಬೆರಕೆಯಾಯಿತು, ಗಿರಾಕಿಗಳು ದೂರವಾದರು, ಕೂಲಿ ಇಳಿಯಿತು, ದಿವಾಳಿಗಳು ಬಂದವು, ಬಡವರಿಗಾಗಿ ಏನೂ ಉಳಿಯಲಿಲ್ಲ. ಮಾದ್ಲೆನ್ ಇದ್ದ ಏಳು ವರ್ಷಗಳಲ್ಲಿ ಆ ಪ್ರದೇಶದ ತೆರಿಗೆ ವಸೂಲಿಯ ವೆಚ್ಚ ಮುಕ್ಕಾಲು ಪಾಲು ಇಳಿದಿತ್ತಂತೆ. ಅವನಿಗೆ ಶಿಕ್ಷೆಯಾದ ನಾಲ್ಕು ವರ್ಷಗಳೊಳಗೆ ಅದು ಇಮ್ಮಡಿಯಾಯಿತು.

ಫಾಂಟೀನಳ ನಾಶವನ್ನೂ ಊರಿನ ನಾಶವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಎರಡಕ್ಕೂ ಮೂಲ ಒಂದೇ ಎಂದು ನನಗೆ ತೋರುತ್ತದೆ. ಮೊಂತ್ರೆಯ್ ಪಟ್ಟಣದ ಸಮಸ್ತ ಶುಭವೂ ಒಬ್ಬ ಮನುಷ್ಯನ ಹೃದಯವನ್ನು ಅವಲಂಬಿಸಿತ್ತು. ಅವನ ಹೃದಯ ತಲುಪದ ಮೂಲೆಯಲ್ಲಿ ಫಾಂಟೀನ್ ನೆಲಕಚ್ಚಿದಳು. ಅವನೇ ಇಲ್ಲವಾದಾಗ ಊರೇ ನೆಲಕಚ್ಚಿತು. ಅವನ ಒಳ್ಳೆಯತನ ಕಟ್ಟಡಗಳಾಗಿ, ಹಾಸಿಗೆಗಳಾಗಿ, ಶಾಲೆಗಳಾಗಿ ಪರಿಣಮಿಸಿತು. ಆದರೆ ಉಳಿದವರು ಸಮಾನ ಹೊಣೆಯಿಂದ ಸಾಗಿಸಿಕೊಂಡು ಹೋಗಬಲ್ಲ ಪದ್ಧತಿಯಾಗಿ ಪರಿಣಮಿಸಲಿಲ್ಲ. ಮೇಲ್ವಿಚಾರಕಿಗೆ ಅವನು ಅಧಿಕಾರವನ್ನು ಕೊಟ್ಟ, ತಾನು ಬಿಷಪ್ಪರ ಮೇಜಿನ ಬಳಿ ಕಲಿತದ್ದನ್ನು ಕೊಡಲಿಲ್ಲ. ಬಿದ್ದವನನ್ನು ಎತ್ತಬಹುದೆಂಬುದಕ್ಕೆ ಸ್ವತಃ ತಾನೇ ಸಾಕ್ಷಿಯಾಗಿದ್ದ ಮನುಷ್ಯನ ಕಾರ್ಖಾನೆಯಲ್ಲಿ ಬಿದ್ದವಳೊಬ್ಬಳಿಗೆ ಜಾಗವಿಲ್ಲದೆ ಹೋದದ್ದು ಈ ಕಾರಣದಿಂದ. ನಿಯಮವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ಸುಲಭ. ಆ ನಿಯಮದ ಹಿಂದಿರುವ ಕರುಣೆಯನ್ನೂ ಜೊತೆಯಲ್ಲಿಯೇ ಒಪ್ಪಿಸುವುದು ಕಷ್ಟ. ಆದರೂ ಯಜಮಾನನಾದವನು ಮಾಡಬೇಕಾದ ಕೆಲಸವೆಂದರೆ ಅದೇ.

ಆದುದರಿಂದ ಮೊದಲಿನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ತಿಳಿಯದೆ ನಡೆದುದಕ್ಕೆ ಯಜಮಾನ ಅಪರಾಧಿಯಲ್ಲ, ಆದರೆ ಹೊಣೆಗಾರ. ಅಪರಾಧಕ್ಕೆ ಶಿಕ್ಷೆಯಿದೆ, ಕ್ಷಮೆಯಿದೆ. ಹೊಣೆಗೆ ಇವೆರಡೂ ಇಲ್ಲ, ನೆರವೇರಿಸುವುದೊಂದೇ ಇದೆ. ಮಾದ್ಲೆನನ ದೊಡ್ಡತನವಿರುವುದೂ ಇಲ್ಲಿಯೇ. ಮುಖಕ್ಕೆ ಉಗುಳಿಸಿಕೊಂಡಾಗ ‘ನನಗೆ ತಿಳಿದಿರಲಿಲ್ಲ’ ಎಂಬ ಮಾತನ್ನು ಅವನು ಕೈತೊಳೆದುಕೊಳ್ಳುವ ನೀರನ್ನಾಗಿ ಬಳಸಲಿಲ್ಲ. ಸಾಲದ ಭಾರವನ್ನು ಆ ಕ್ಷಣದಿಂದಲೇ ತನ್ನ ತಲೆಯ ಮೇಲೆ ಹೊತ್ತುಕೊಂಡ.

ಆ ಸಾಲ ತೀರಿಸುವ ಬಗೆಯೂ ಗಮನಾರ್ಹ. ಮೊದಲು ಅವನು ತನಗೆ ಅಭ್ಯಾಸವಾದ ರೀತಿಯಲ್ಲಿ ಹಣ ಕಳುಹಿಸುತ್ತಾನೆ. ಫಾಂಟೀನ್ ಕೊಡಬೇಕಾಗಿದ್ದುದು 120 ಫ್ರಾಂಕ್. ಅವನು ತೆನಾರ್ದಿಯೆಗೆ 300 ಕಳುಹಿಸಿ ಮಗುವನ್ನು ಕರೆತರಲು ಹೇಳುತ್ತಾನೆ. ಅವನು 500ಕ್ಕೂ ಮೀರಿದ ಸುಳ್ಳು ಪಟ್ಟಿಯನ್ನು ಕಳುಹಿಸಿದಾಗ ಮತ್ತೆ 300 ಕಳುಹಿಸುತ್ತಾನೆ. ಮಗು ಬರುವುದಿಲ್ಲ. ದೂರದಿಂದ ಕಳುಹಿಸಿದ ಹಣ ಈ ಸಲವೂ ಸೇರಬಾರದ ಕೈಯನ್ನೇ ಸೇರುತ್ತದೆ. ಮುಂದೆ ಸೆರೆಯಾಗಿ, ತಪ್ಪಿಸಿಕೊಂಡು, ಪದವಿ ಹೆಸರು ಎರಡನ್ನೂ ಕಳೆದುಕೊಂಡ ಮೇಲೆ, 1823ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಅವನು ತಾನೇ ಮೋಂಫರ್ಮೆಯ್ ಊರಿಗೆ ಹೋಗುತ್ತಾನೆ. ಕತ್ತಲ ಕಾಡಿನಲ್ಲಿ ಎಂಟು ವರ್ಷದ ಕೊಸೆಟ್ ತನ್ನ ಶಕ್ತಿಗೆ ಮೀರಿದ ನೀರಿನ ಬಕೆಟ್ಟನ್ನು ಎಳೆದುಕೊಂಡು ಬರುತ್ತಿರುತ್ತಾಳೆ. ಹಿಂದಿನಿಂದ ಬಂದ ದೊಡ್ಡ ಕೈಯೊಂದು ಆ ಬಕೆಟ್ಟನ್ನು ಮೇಲೆತ್ತುತ್ತದೆ.

ನಾನು ಓದಿ ನಿಲ್ಲಿಸಿರುವುದು ಈ ಪ್ರಸಂಗದ ಆಸುಪಾಸಿನಲ್ಲಿ. ಮುಂದೆ ಏನಾಗುವುದೋ ಓದಿಯೇ ತಿಳಿಯಬೇಕು. ಆದರೆ ಮೇಯರನಾಗಿ ಲಕ್ಷಾಂತರ ಫ್ರಾಂಕ್ ವೆಚ್ಚ ಮಾಡಿದಾಗ ತಲುಪಲಾರದ ಸ್ಥಳವನ್ನು ಅವನು ಆ ರಾತ್ರಿ ಬರಿಗಾಲ್ನಡಿಗೆಯಲ್ಲಿ ತಲುಪಿದನೆಂಬುದನ್ನು ಮಾತ್ರ ಇಲ್ಲಿಯವರೆಗಿನ ಓದು ಖಚಿತಪಡಿಸಿದೆ.